ನಗುವಿನ ಮೇಲೊಂದು ಪಿಂಗಾಣಿ ಪದರ

ಬಡಗಿಗಳಿಗೆ ‘ವೆನೀರ್’ ಎಂಬ ಮಾತು ಹೊಸದಲ್ಲ. ಮಂಚ, ಬೀರು ಮಾಡಿಸಲು ಹೋದವರಿಗೆ ಅವರು ಅದರ ಮಾದರಿಗಳನ್ನು ಹರಡಿ ತೋರಿಸುತ್ತಾರೆ. ತೇಗದ ದಿಮ್ಮಿಯಿಂದ ಕಾಗದದಂತೆ ತೆಳ್ಳಗೆ ಸೀಳಿ ತೆಗೆದ ಹಾಳೆ ಅದು. ಅಗ್ಗದ ಪ್ಲೈವುಡ್ ಮೇಲೆ ಅದನ್ನು ಅಂಟಿಸಿ, ಉಜ್ಜಿ, ಪಾಲಿಶ್ ಹೊಡೆದರೆ ನೋಡುವವರ ಕಣ್ಣಿಗೆ ಇಡೀ ಬೀರುವೇ ತೇಗದ್ದು. ಒಳಗಿರುವುದು ಸಾಮಾನ್ಯ, ಹೊರಗಿರುವುದು ಬೆಲೆಬಾಳುವಂಥದ್ದು. ಇದು ಮರದ ಅಂಗಡಿಯ ಲೆಕ್ಕ.

ಅದೇ ಮಾತು ಈಗ ನಗರಗಳ ದಂತ ಚಿಕಿತ್ಸಾಲಯಗಳ ಫಲಕಗಳ ಮೇಲೂ ಕಾಣಿಸಿಕೊಂಡಿದೆ. ಮುಂಬದಿಯ ಹಲ್ಲುಗಳ ಮೇಲೆ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪದ ಪಿಂಗಾಣಿ ಚಿಪ್ಪುಗಳನ್ನು ಅಂಟಿಸಿ, ಬಣ್ಣ ಮಾಸಿದ, ಸಂದು ಬಿಟ್ಟ, ತುದಿ ಮುರಿದ ಹಲ್ಲುಗಳನ್ನು ಮರೆಮಾಡಿ, ನಗುವನ್ನು ಚೆಂದಗೊಳಿಸುವ ವಿಧಾನವಿದು. ಹಿಂದೆ ಚಿತ್ರತಾರೆಯರಿಗಷ್ಟೇ ಮೀಸಲಾಗಿದ್ದ ಈ ಚಿಕಿತ್ಸೆಯನ್ನು ಮದುವೆ ನಿಶ್ಚಯವಾದ ಹುಡುಗ ಹುಡುಗಿಯರು, ಕಚೇರಿಗೆ ಹೋಗುವ ನೌಕರರು ಕೂಡ ಈಗ ವಿಚಾರಿಸುತ್ತಿದ್ದಾರೆ.

ಆದರೆ ಮರದ ಅಂಗಡಿಯ ಲೆಕ್ಕ ಬಾಯಿಯೊಳಗೆ ತಲೆಕೆಳಗಾಗುತ್ತದೆ. ಇಲ್ಲಿ ಬೆಲೆಬಾಳುವುದು ಒಳಗಿದೆ. ಮೇಲೆ ಅಂಟುವ ಪಿಂಗಾಣಿಯನ್ನು ಪ್ರಯೋಗಶಾಲೆಯಲ್ಲಿ ಎಷ್ಟು ಬೇಕಾದರೂ ತಯಾರಿಸಬಹುದು. ಅದಕ್ಕೆ ಜಾಗ ಮಾಡಿಕೊಡಲು ಕೆರೆದು ತೆಗೆಯುವ ಹಲ್ಲಿನ ಹೊರಪದರವನ್ನು ಮಾತ್ರ ಜಗತ್ತಿನ ಯಾವ ಪ್ರಯೋಗಶಾಲೆಯೂ ಬಾಯಿಯಲ್ಲಿ ಮತ್ತೆ ಬೆಳೆಸಿಕೊಟ್ಟಿಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ, ವೆನೀರ್ ಯಾರಿಗೆ ವರ, ಯಾರಿಗೆ ಬೇಡದ ಹೊರೆ ಎಂಬುದನ್ನು ತೀರ್ಮಾನಿಸುವುದು ಸುಲಭ.

ಹಲ್ಲು ತೋರಿಸುವ ನಗು

ಬಿಳಿಯ, ಸಾಲಾದ, ಪೂರ್ತಿ ಕಾಣುವ ಹಲ್ಲುಗಳೇ ಚೆಂದ ಎಂಬ ಭಾವನೆ ನಾವು ತಿಳಿದಷ್ಟು ಹಳೆಯದಲ್ಲ. ಕನ್ನಡದಲ್ಲಿ ಎಲ್ಲರೂ ಮೆಚ್ಚುವ ನಗೆ ಎಂದರೆ ಮುಗುಳ್ನಗೆ. ಮುಗುಳು ಎಂದರೆ ಮೊಗ್ಗು. ಅರಳಲು ಹೊರಟು ಅಷ್ಟಕ್ಕೇ ನಿಂತದ್ದು. ಹಲ್ಲು ಪೂರ್ತಿ ಹೊರಬಿದ್ದರೆ ಭಾಷೆಯ ಧಾಟಿಯೇ ಬದಲಾಗುತ್ತದೆ. ‘ಹಲ್ಲು ಕಿರಿಯಬೇಡ’, ‘ಏನು ಹಲ್ಲು ಗಿಂಜುತ್ತೀ’ ಎಂಬ ಮಾತುಗಳಲ್ಲಿ ಮೆಚ್ಚುಗೆಯ ಸುಳಿವೂ ಇಲ್ಲ. ಹಳೆಯ ಕಾವ್ಯಗಳು ಹಲ್ಲನ್ನು ಮಲ್ಲಿಗೆಯ ಮೊಗ್ಗಿಗೂ ದಾಳಿಂಬೆಯ ಬೀಜಕ್ಕೂ ಹೋಲಿಸಿದ್ದು ನಿಜ. ಆದರೂ ಗೋಡೆಯ ಮೇಲಿನ ಹಳೆಯ ಫೋಟೊದಲ್ಲಿ ಅಜ್ಜ ಅಜ್ಜಿಯರು ತುಟಿ ಬಿಗಿದೇ ಕುಳಿತಿರುತ್ತಾರೆ. ಎಲೆ ಅಡಿಕೆಯಿಂದ ಕೆಂಪೇರಿದ ಬಾಯಿ ಸೊಗಸಿನ ಗುರುತಾಗಿದ್ದ ಕಾಲವೂ ಇತ್ತು.

ಯೂರೋಪಿನಲ್ಲೂ ಹೀಗೆಯೇ. 1787ರಲ್ಲಿ ಪ್ಯಾರಿಸ್ಸಿನ ಚಿತ್ರಪ್ರದರ್ಶನದಲ್ಲಿ ಎಲಿಜಬೆತ್ ವಿಜೆ ಲ ಬ್ರನ್ ಎಂಬ ಕಲಾವಿದೆ ತನ್ನ ಸ್ವಂತ ಭಾವಚಿತ್ರವೊಂದನ್ನು ಇಟ್ಟಳು. ರಾಣಿ ಮೇರಿ ಆಂಟೊನೆಟ್‌ಳ ಚಿತ್ರಗಳನ್ನು ಬರೆದು ಹೆಸರಾಗಿದ್ದವಳು ಆಕೆ. ಮಗಳನ್ನು ತಬ್ಬಿ ಕುಳಿತ ಆ ಚಿತ್ರದಲ್ಲಿ ಅವಳ ತುಟಿಗಳು ತುಸು ಬಿರಿದು ಹಲ್ಲಿನ ಬಿಳುಪು ಕಾಣುತ್ತಿತ್ತು. ಅಷ್ಟಕ್ಕೇ ಪ್ಯಾರಿಸ್ಸಿನ ರಸಿಕರು ಮುಖ ಸಿಂಡರಿಸಿದರು. ಈಗ ಲೂವ್ರ್ ಸಂಗ್ರಹಾಲಯದಲ್ಲಿರುವ ಆ ಚಿತ್ರವನ್ನು ನೋಡಿದವರಿಗೆ ಆಕ್ಷೇಪಿಸಲು ಅಲ್ಲಿ ಏನಿತ್ತೆಂದೇ ತಿಳಿಯುವುದಿಲ್ಲ.

ಜಪಾನಿನಲ್ಲಿ ಹಲ್ಲನ್ನು ಕಪ್ಪಾಗಿಸಿಕೊಳ್ಳುವುದೇ ಶೋಭೆಯಾಗಿತ್ತು. ‘ಒಹಗುರೊ’ ಎಂಬ ಈ ಪದ್ಧತಿಯಲ್ಲಿ ಕಬ್ಬಿಣದ ಚೂರುಗಳನ್ನು ಹುಳಿ ದ್ರಾವಣದಲ್ಲಿ ನೆನೆಸಿ, ನಮ್ಮ ಮಾಚಿಕಾಯಿಯಂಥ ಒಗರು ಗಂಟುಗಳ ಪುಡಿಯೊಂದಿಗೆ ಬೆರೆಸಿ ಹಲ್ಲಿಗೆ ಹಚ್ಚುತ್ತಿದ್ದರು. ಮದುವೆಯಾದ ಹೆಣ್ಣುಮಕ್ಕಳ ಕಪ್ಪು ಹಲ್ಲು ಗೌರವದ ಲಕ್ಷಣ. 1870ರಲ್ಲಿ ಸರಕಾರ ಶ್ರೀಮಂತ ವರ್ಗದವರಿಗೆ ಇದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಿಂದ ಕಾಣಿಸಿಕೊಂಡ ಮೇಲೆ ಪದ್ಧತಿ ಹಿಂದೆ ಸರಿಯಿತು. ಮಧ್ಯ ಅಮೆರಿಕದ ಮಾಯಾ ಜನರದು ಇನ್ನೊಂದು ಬಗೆ. ಅವರು ಸಾವಿರ ವರ್ಷಗಳಿಗೂ ಹಿಂದೆ ಮುಂಬಲ್ಲುಗಳಲ್ಲಿ ಸಣ್ಣ ಗುಳಿ ಕೊರೆದು ಹಸಿರು ಜೇಡ್ ಕಲ್ಲನ್ನು ಕೂರಿಸುತ್ತಿದ್ದರು. ಅವರ ಅಂಟು ಎಷ್ಟು ಗಟ್ಟಿಯೆಂದರೆ ಸಮಾಧಿಗಳಲ್ಲಿ ಸಿಕ್ಕ ಹಲ್ಲುಗಳಲ್ಲಿ ಅನೇಕ ಕಲ್ಲುಗಳು ಇಂದಿಗೂ ಕದಲಿಲ್ಲ.

ಚೆಂದದ ಹಲ್ಲು ಯಾವುದೆಂಬುದನ್ನು ಆಯಾ ಕಾಲ, ಆಯಾ ನಾಡು ನಿರ್ಧರಿಸುತ್ತ ಬಂದಿವೆ. ನಮ್ಮ ಕಾಲದ ಮಾದರಿಯನ್ನು ನಿರ್ಧರಿಸಿದ್ದು ಹಾಲಿವುಡ್.

ಊಟಕ್ಕೆ ಮುಂಚೆ ತೆಗೆದಿಡುವ ಹಲ್ಲು

ಚಲನಚಿತ್ರ ಬಂದು ಮುಖವನ್ನು ಆಳೆತ್ತರಕ್ಕೆ ಹಿಗ್ಗಿಸಿತು. 1927ರಲ್ಲಿ ‘ದಿ ಜಾಜ್ ಸಿಂಗರ್’ ತೆರೆಕಂಡ ಮೇಲೆ ನಟರು ಮಾತನಾಡಲೂ ತೊಡಗಿದರು. ಬಾಯಿ ತೆರೆಯದೆ ಗತಿಯಿಲ್ಲ. ಓರೆ ಹಲ್ಲು, ಸಂದು ಹಲ್ಲು, ಕಲೆ ಹಲ್ಲು ಎಲ್ಲವೂ ಬೆಳ್ಳಿತೆರೆಯ ಮೇಲೆ ಎದ್ದು ಕಾಣತೊಡಗಿದವು.

ಆಗ ಸ್ಟುಡಿಯೋಗಳು ಮೊರೆಹೋದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರನ್ನು. ಅವರು ನಟರ ಮುಂಬಲ್ಲುಗಳ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಕೂರುವ ತೆಳು ಹೊದಿಕೆಗಳನ್ನು ತಯಾರಿಸಿದರು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ಬಳಸುವ ಅಂಟುಪುಡಿಯಿಂದಲೇ ಅವುಗಳನ್ನು ಹಲ್ಲಿನ ಮೇಲೆ ಹಿಡಿಸುತ್ತಿದ್ದರು. ದೀಪ ಉರಿಯುವಷ್ಟು ಹೊತ್ತು ನಗಬಹುದು, ಮಾತನಾಡಬಹುದು. ಊಟದ ಹೊತ್ತಿಗೆ ತೆಗೆದಿಡಬೇಕು. 1930ರ ದಶಕದ ಬಾಲತಾರೆ ಶರ್ಲಿ ಟೆಂಪಲ್ ಇಂಥ ಹೊದಿಕೆಗಳನ್ನು ಧರಿಸಿದವಳಲ್ಲಿ ಒಬ್ಬಳು. ಆರೇಳು ವರ್ಷದ ಮಗುವಿನ ಹಾಲುಹಲ್ಲು ಬೀಳುವುದು ಲೋಕರೂಢಿ. ಆದರೆ ಒಂದು ದೃಶ್ಯದಲ್ಲಿದ್ದ ಹಲ್ಲು ಮುಂದಿನ ದೃಶ್ಯದಲ್ಲಿ ಮಾಯವಾದರೆ ನಿರ್ಮಾಪಕರ ಗತಿಯೇನು? ಜಗತ್ತೇ ಮುದ್ದಿಸಿದ ಆ ಮಗುವಿನ ನಗುವಿನಲ್ಲಿ ಸುಳ್ಳು ಹಲ್ಲಿನ ಪಾಲೂ ಇತ್ತು.

ಪಿಂಕಸ್‌ರ ಹೊದಿಕೆಗಳಿಗೆ ಒಂದು ದೊಡ್ಡ ಕೊರತೆಯಿತ್ತು, ಒಂದು ದೊಡ್ಡ ಗುಣವೂ ಇತ್ತು. ಅವು ನಿಲ್ಲುತ್ತಿರಲಿಲ್ಲ; ಇದು ಕೊರತೆ. ಸಂಜೆ ಅವುಗಳನ್ನು ತೆಗೆದಾಗ ಕೆಳಗಿನ ಹಲ್ಲು ಹೇಗಿತ್ತೋ ಹಾಗೆಯೇ ಇರುತ್ತಿತ್ತು, ಇದು ಗುಣ.

ಅಂಟು ಸಿಕ್ಕಿದ ಕತೆ

ಪಿಂಗಾಣಿ ಹಲ್ಲು ಅಷ್ಟರಲ್ಲಾಗಲೇ ಹಳೆಯದಾಗಿತ್ತು. 1770ರ ದಶಕದಲ್ಲಿ ಫ್ರಾನ್ಸಿನ ಡುಶಾಟೊ ಎಂಬ ಔಷಧಿ ವ್ಯಾಪಾರಿ, ತನ್ನ ದಂತದ ಹಲ್ಲುಸೆಟ್ಟು ಔಷಧಿಗಳ ವಾಸನೆ ಹೀರಿ ನಾರುತ್ತದೆಂದು ಬೇಸತ್ತು, ಪಿಂಗಾಣಿಯ ಸೆಟ್ಟು ಮಾಡಿಸಲು ಹೊರಟ. ಮುಂದೆ ಡುಬೊ ದ ಶೆಮಾಂ ಎಂಬ ದಂತವೈದ್ಯ ಅದನ್ನು ಸುಧಾರಿಸಿ ಪ್ರಚಾರಕ್ಕೆ ತಂದ. ಪಿಂಗಾಣಿ ಕಲೆ ಹಿಡಿಯದು, ವಾಸನೆ ಹೀರದು, ಬಣ್ಣ ಮಾಸದು. ತೊಡಕು ಒಂದೇ: ಒದ್ದೆಯಾದ, ಗಾಜಿನಂತೆ ನುಣುಪಾದ ಹಲ್ಲಿನ ಮೇಲೆ ಅದರ ತೆಳುಚೂರನ್ನು ಶಾಶ್ವತವಾಗಿ ಅಂಟಿಸುವುದು ಹೇಗೆ?

ಉತ್ತರ ಬಂದದ್ದು 1955ರಲ್ಲಿ. ಅಮೆರಿಕದ ರಾಚೆಸ್ಟರ್ ನಗರದ ಮೈಕೆಲ್ ಬ್ಯೂನೊಕೋರ್ ಎಂಬ ಸಂಶೋಧಕರಿಗೆ ಕಾರ್ಖಾನೆಗಳ ಒಂದು ರೂಢಿ ತಿಳಿದಿತ್ತು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಅದನ್ನೇ ಹಲ್ಲಿನ ಮೇಲೆ ಮಾಡಿದರೆ? ಅವರು ಹಲ್ಲಿನ ಹೊರಪದರಕ್ಕೆ 85 ಪ್ರತಿಶತ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದು ನೋಡಿದರು. ನುಣುಪಾದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಗುಳಿಗಳು ಮೂಡಿದ್ದವು. ದ್ರವರೂಪದ ರಾಳ ಆ ಗುಳಿಗಳೊಳಗೆ ಇಳಿದು ಗಟ್ಟಿಯಾದರೆ ಬೇರು ಬಿಟ್ಟಂತೆ ಕಚ್ಚಿಕೊಳ್ಳುತ್ತದೆ. ನುಣುಪು ಗೋಡೆಗೆ ಗಾರೆ ಮೆತ್ತುವ ಮುನ್ನ ಮೇಸ್ತ್ರಿಗಳು ಉಳಿಯಿಂದ ಕಚ್ಚು ಮಾಡುವುದೂ ಇದೇ ಉದ್ದೇಶಕ್ಕೆ. ಇಂದಿನ ದಂತವೈದ್ಯರು 35ರಿಂದ 37 ಪ್ರತಿಶತದ ಸೌಮ್ಯ ಆಮ್ಲವನ್ನು ಬಳಸುತ್ತಾರೆ. ತತ್ವ ಮಾತ್ರ ಬ್ಯೂನೊಕೋರ್ ಅವರದೇ.

1962ರಲ್ಲಿ ರಫಾಯಲ್ ಬೋವೆನ್ ಎಂಬ ಇನ್ನೊಬ್ಬ ಅಮೆರಿಕನ್ ಸಂಶೋಧಕರು ಬಾಯಿಯ ತೇವ, ಬಿಸಿ, ಒತ್ತಡಗಳನ್ನು ತಾಳುವ ಹೊಸ ರಾಳಕ್ಕೆ ಪೇಟೆಂಟ್ ಪಡೆದರು. ಇನ್ನುಳಿದದ್ದು ಪಿಂಗಾಣಿಯ ಒಳಮೈ. ಅದಕ್ಕೂ ಆಮ್ಲದಿಂದಲೇ ಕಚ್ಚು ಮಾಡಬಹುದೆಂದು 1983ರಲ್ಲಿ ಸೈಮನ್‌ಸೆನ್ ಮತ್ತು ಕಲಾಮಿಯಾ ತೋರಿಸಿಕೊಟ್ಟರು. ಇಲ್ಲಿ ಬೇಕಾದದ್ದು ಗಾಜನ್ನೂ ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲ. ಒಂದೆಡೆ ಹಲ್ಲು, ಇನ್ನೊಂದೆಡೆ ಪಿಂಗಾಣಿ, ನಡುವೆ ಎರಡನ್ನೂ ಕಚ್ಚಿ ಹಿಡಿದ ರಾಳ. ಸಂಜೆ ಕಳಚಿಡುತ್ತಿದ್ದ ಮುಖವಾಡ ಹೀಗೆ ಮೈಗೇ ಅಂಟಿಕೊಂಡಿತು.

ಕೆರೆದರೆ ಮತ್ತೆ ಬಾರದು

ಹಲ್ಲಿನ ಹೊರಪದರಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ತೂಕದಲ್ಲಿ ಸುಮಾರು 96 ಪ್ರತಿಶತ ಖನಿಜ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ, ಉಗುರು ಕತ್ತರಿಸಿದರೆ ಬೆಳೆಯುತ್ತದೆ. ಎನಾಮಲ್‌ಗೆ ಆ ಭಾಗ್ಯವಿಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನೊಳಗೆ ಇರುವಾಗಲೇ ಕೆಲಸ ಮುಗಿಸಿ, ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಬಾಲ್ಯದಲ್ಲಿ ಕಟ್ಟಿಕೊಟ್ಟದ್ದನ್ನೇ ಸಾಯುವವರೆಗೆ ಬಳಸಬೇಕು. ಅದರ ಅಡಿಯಲ್ಲಿ ಹಳದಿ ಛಾಯೆಯ, ಮೆತುವಾದ ಡೆಂಟೀನ್. ಅದರೊಳಗೆ ನರ, ರಕ್ತನಾಳಗಳಿರುವ ತಿರುಳು. ಎನಾಮಲ್ ಅರೆಪಾರದರ್ಶಕ. ಆದ್ದರಿಂದಲೇ ಆರೋಗ್ಯವಂತರ ಹಲ್ಲು ಕೂಡ ಸುಣ್ಣದಷ್ಟು ಬಿಳಿಯಿರದೆ ತುಸು ಹಳದಿಯಾಗಿ ಕಾಣುತ್ತದೆ. ಹಾಗಿರುವುದು ಕೊಳೆಯಿಂದಲ್ಲ, ಸಹಜವಾಗಿ.

ವೆನೀರ್ ಹಾಕುವಾಗ ಸಾಮಾನ್ಯವಾಗಿ ಹಲ್ಲಿನ ಮುಂಭಾಗದಿಂದ 0.3ರಿಂದ 0.7 ಮಿಲಿಮೀಟರ್‌ನಷ್ಟು ಕೆರೆಯುತ್ತಾರೆ. ಕೆರೆಯದೆ ಅಂಟಿಸಿದರೆ ಹಲ್ಲು ದಪ್ಪವಾಗಿ ಉಬ್ಬಿ ಕಾಣುವ ಸಂಭವವುಂಟು. ಹಲ್ಲು ಚಿಕ್ಕದಿದ್ದಾಗ, ಸಂದುಗಳಿದ್ದಾಗ ಬಹುತೇಕ ಕೆರೆಯದೆಯೂ ಕೂರಿಸಬಹುದು. ಮುಂಬಲ್ಲಿನ ಎನಾಮಲ್ ತುದಿಯಲ್ಲಿ ಒಂದು ಮಿಲಿಮೀಟರ್‌ನಷ್ಟು ದಪ್ಪವಿದ್ದರೆ, ಒಸಡಿನ ಹತ್ತಿರ ಅದರ ಅರ್ಧವೂ ಇರುವುದಿಲ್ಲ. ಕೈ ತುಸು ಜಾರಿದರೂ ಉಪಕರಣ ಡೆಂಟೀನ್ ಮುಟ್ಟುತ್ತದೆ. ಡೆಂಟೀನ್ ಮೇಲೆ ಅಂಟು ಎನಾಮಲ್ ಮೇಲಿನಷ್ಟು ಭದ್ರವಾಗಿ ಬಹುಕಾಲ ನಿಲ್ಲದು. ಬಿಸಿ ತಣ್ಣಗಿನ ಜುಮ್ಮೆನ್ನುವಿಕೆಯೂ ಶುರುವಾಗಬಹುದು.

ಒಳ್ಳೆಯ ಕೆಲಸದ ಕ್ರಮ ಹೀಗಿರುತ್ತದೆ. ಮೊದಲು ಹುಳುಕು, ಒಸಡಿನ ರೋಗಗಳಿದ್ದರೆ ಅವುಗಳ ಚಿಕಿತ್ಸೆ. ಆಮೇಲೆ ಹಲ್ಲಿನ ಅಚ್ಚಿನ ಮೇಲೆ ಮೇಣದಿಂದ ಹೊಸ ಆಕಾರ ಕಟ್ಟಿ, ಅದರ ತಾತ್ಕಾಲಿಕ ಮಾದರಿಯನ್ನು ಬಾಯಿಯಲ್ಲೇ ಕೂರಿಸಿ ಕನ್ನಡಿಯಲ್ಲಿ ತೋರಿಸುವುದು. ಒಪ್ಪಿಗೆಯಾದ ಮೇಲೆ ಕೆರೆಯುವುದು, ಅಳತೆ ತೆಗೆದು ಪ್ರಯೋಗಶಾಲೆಗೆ ಕಳಿಸುವುದು. ಕೆಲವು ದಿನಗಳ ನಂತರ ಚಿಪ್ಪುಗಳು ಬಂದಾಗ ಬಣ್ಣ, ಅಳತೆಗಳನ್ನು ಒಪ್ಪಿಸಿ ನೋಡಿ, ಆಮ್ಲ ಸವರಿ, ರಾಳ ಹಚ್ಚಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುವುದು.

ಹೀಗೆ ಹಾಕಿದ ಪಿಂಗಾಣಿ ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ಆದರೆ ಜೀವಮಾನವಿಡೀ ಬಾಳುವ ಭರವಸೆಯಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಕಿಸಿಕೊಂಡವರು ಎಪ್ಪತ್ತಾಗುವಷ್ಟರಲ್ಲಿ ಎರಡು ಮೂರು ಬಾರಿಯಾದರೂ ಬದಲಿಸಬೇಕಾದೀತು. ಬದಲಿಸುವಾಗಲೆಲ್ಲ ಹಲ್ಲು ಇನ್ನಷ್ಟು ಸವೆಯುವ ಸಾಧ್ಯತೆಯಿದೆ. ಪಿಂಗಾಣಿಗೆ ಹುಳುಕು ಹಿಡಿಯದು ನಿಜ; ಅದರ ಅಂಚಿನಲ್ಲಿರುವ ಹಲ್ಲಿಗೆ ಹಿಡಿಯುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು, ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆಯುವವರು, ಉಗುರು ಕಚ್ಚುವವರು ಮೊದಲು ಆ ಚಾಳಿಗೆ ಮದ್ದು ಹುಡುಕಬೇಕು.

ನಿಜಕ್ಕೂ ಬೇಕಾದವರು

ಹಾಗಾದರೆ ಇದು ಬರಿಯ ಶೋಕಿಯೇ? ಅಲ್ಲ. ಅದನ್ನು ತಿಳಿಯಲು ಹಾಲಿವುಡ್ ಬಿಟ್ಟು ನಮ್ಮ ಪಾವಗಡದ ಕಡೆ ಬರಬೇಕು.

ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಗದಗ, ರಾಯಚೂರು ಮೊದಲಾದ ಕಡೆಗಳ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕೆರೆ, ತೆರೆದ ಬಾವಿಗಳು ಬತ್ತಿ, ಬಂಡೆಯ ಬಿರುಕಿನಾಳದ ನೀರಿಗೆ ಕೈಹಾಕಿದ ಮೇಲೆ ಈ ತೊಂದರೆ ಉಲ್ಬಣಿಸಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲವೆಂದಾದರೆ 1.5 ಮಿಲಿಗ್ರಾಂವರೆಗೆ ಸಹ್ಯ. ಅದಕ್ಕಿಂತ ಹೆಚ್ಚಿರುವ ನೀರನ್ನು ಮಗು ಕುಡಿದರೆ, ಒಸಡಿನೊಳಗೆ ಕಟ್ಟಲ್ಪಡುತ್ತಿರುವ ಎನಾಮಲ್ ಕೆಡುತ್ತದೆ. ಹಲ್ಲು ಹುಟ್ಟಿದಾಗಲೇ ಸುಣ್ಣದಂಥ ಬಿಳಿ ಮಚ್ಚೆಗಳಿರುತ್ತವೆ. ತೀವ್ರವಾದಲ್ಲಿ ಕಂದು ಪಟ್ಟೆಗಳು, ಗುಳಿಗಳು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಲ್ಲುಜ್ಜದವರೆಂಬ ಅಪವಾದವನ್ನು ಈ ಮಕ್ಕಳು ವೃಥಾ ಹೊರುತ್ತಾರೆ. ನಗು ಬಂದರೆ ಅಂಗೈಯೋ ಸೆರಗೋ ಬಾಯಿಗೆ ಅಡ್ಡ ಬರುತ್ತದೆ.

ಇದಕ್ಕೂ ಅಮೆರಿಕದಲ್ಲಿ ಒಂದು ಪೂರ್ವಕತೆಯಿದೆ. 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ಕಂಡು ಬೆರಗಾದರು. ಕಾರಣ ನೀರಿನಲ್ಲಿದೆಯೆಂದು ಅವರು ಊಹಿಸಿದರೂ, ಅದು ಫ್ಲೋರೈಡ್ ಎಂದು ಪತ್ತೆಯಾಗಲು 1931ರವರೆಗೆ ಕಾಯಬೇಕಾಯಿತು. ಭಾರತದಲ್ಲಿ ಈ ರೋಗವನ್ನು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದ್ದು 1937ರಲ್ಲಿ.

ಇಂಥ ಹಲ್ಲುಗಳಿಗೆ ವೆನೀರ್ ನಿಜವಾದ ಉಪಕಾರ. ಬಿದ್ದು ಹಲ್ಲು ಮುರಿದುಕೊಂಡವರಿಗೆ, ಎನಾಮಲ್ ಹುಟ್ಟಿನಿಂದಲೇ ದೋಷಪೂರಿತವಾದವರಿಗೆ ಕೂಡ. ಅವರಿಗೂ ಅದು ಮೊದಲ ಮೆಟ್ಟಿಲಲ್ಲ. ಕಲೆ ಮೇಲುಮೇಲಿನದಾದರೆ ಮೇಲ್ಪದರವನ್ನು ನವಿರಾಗಿ ಉಜ್ಜಿ ತೆಗೆಯುವ ವಿಧಾನವಿದೆ. ಬಣ್ಣ ತಿಳಿಗೊಳಿಸುವ ಬ್ಲೀಚಿಂಗ್ ಇದೆ. ಪಿಂಗಾಣಿಯ ಬದಲು ಹಲ್ಲಿನ ಬಣ್ಣದ ರಾಳವನ್ನೇ ಮೆತ್ತಿ ಆಕಾರ ಕೊಡಬಹುದು. ರಾಳ ಬೇಗ ಮಾಸುತ್ತದೆ, ಆದರೆ ಅಗ್ಗ, ರಿಪೇರಿಯೂ ಸುಲಭ. ಪಿಂಗಾಣಿಗೋ ಒಂದೊಂದು ಹಲ್ಲಿಗೆ ಹಲವು ಸಾವಿರ ರೂಪಾಯಿ ತೆರಬೇಕು. ಬೋರ್‌ವೆಲ್ ನೀರು ಕುಡಿದು ಹಲ್ಲು ಕೆಡಿಸಿಕೊಂಡ ಕೂಲಿಕಾರನ ಮಗಳಿಗೆ ಅದು ಎಟುಕದು. ಕೆಡದ ಹಲ್ಲಿದ್ದವರಿಗೆ ಎಟುಕುತ್ತದೆ. ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆ ಇಲ್ಲಿ ಹೊಸ ಅರ್ಥ ಪಡೆಯುತ್ತದೆ. ಆ ಹಳ್ಳಿಗಳಿಗೆ ಎಲ್ಲಕ್ಕಿಂತ ದೊಡ್ಡ ದಂತಚಿಕಿತ್ಸೆ ಶುದ್ಧ ನೀರು. ಮಗುವಿನ ಮೊದಲ ಏಳೆಂಟು ವರ್ಷ ಅದು ಸಿಕ್ಕರೆ ಸಾಕು, ಮುಂಬಲ್ಲಿಗೆ ಪಿಂಗಾಣಿಯ ಹಂಗೇ ಬೇಕಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಇನ್ನೊಂದು ತುದಿಯಲ್ಲಿ ಅತಿರೇಕವೂ ನಡೆದಿದೆ. 2020ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಯುವಜನ ಅಗ್ಗದ ದರಕ್ಕೆ ಮರುಳಾಗಿ ಹಲ್ಲಿಗಾಗಿ ಟರ್ಕಿಗೆ ವಿಮಾನ ಹತ್ತಿದರು. ‘ಟರ್ಕಿ ಹಲ್ಲು’ ಎಂಬ ಮಾತೇ ಹುಟ್ಟಿಕೊಂಡಿತು. ಅನೇಕರಿಗೆ ಅಲ್ಲಿ ಸಿಕ್ಕದ್ದು ವೆನೀರ್ ಅಲ್ಲ, ಕ್ರೌನ್. ಎರಡಕ್ಕೂ ಅಜಗಜಾಂತರ. ವೆನೀರ್‌ಗೆ ಹಲ್ಲಿನ ಮುಂಭಾಗವನ್ನಷ್ಟೇ ಕೆರೆದರೆ, ಕ್ರೌನ್ ಎಂಬ ಟೋಪಿ ತೊಡಿಸಲು ಸುತ್ತಲೂ ಕಡೆದು ಹಲ್ಲನ್ನು ಗೂಟದಂತೆ ಮಾಡುತ್ತಾರೆ. ಒಳಗಿನ ನರ ಸತ್ತರೆ ಬೇರುನಾಳ ಚಿಕಿತ್ಸೆ, ಅದೂ ನಿಲ್ಲದಿದ್ದರೆ ಹಲ್ಲನ್ನೇ ಕೀಳಿಸುವುದು. ಹುಳುಕು ತಿಂದು ಮುರಿದ ಹಲ್ಲಿಗೆ ಕ್ರೌನ್ ಉಪಕಾರಿ. ಗಟ್ಟಿಮುಟ್ಟಾದ ಹಲ್ಲಿಗೆ ಅದು ಅಪಕಾರ.

ಆದ್ದರಿಂದ ಕುರ್ಚಿಯಲ್ಲಿ ಒರಗುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಹಾಕುವುದು ವೆನೀರೋ ಕ್ರೌನೋ? ಎಷ್ಟು ಕೆರೆಯುತ್ತೀರಿ, ಎನಾಮಲ್ ದಾಟುವುದಿಲ್ಲವಷ್ಟೆ? ಬರಿಯ ಕ್ಲೀನಿಂಗ್, ಬ್ಲೀಚಿಂಗ್ ಅಥವಾ ತಂತಿ ಕಟ್ಟಿಸುವುದರಿಂದ ಕೆಲಸ ಆಗದೇ? ಮೊದಲು ತಾತ್ಕಾಲಿಕ ಮಾದರಿ ತೋರಿಸುತ್ತೀರಾ? ಹತ್ತು ವರ್ಷದ ಮೇಲೆ ಬದಲಿಸಬೇಕಾಗಿ ಬಂದರೆ ಖರ್ಚೆಷ್ಟು? ನುರಿತ ದಂತವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ‘ನಿಮಗೆ ಇದು ಬೇಡ’ ಎಂದು ಹೇಳಿ ಕಳಿಸುವವರೂ ಅವರಲ್ಲಿದ್ದಾರೆ. ಅಂಥವರ ಮಾತಿಗೆ ಕಿವಿಗೊಡುವುದು ಲೇಸು.

ಕೊನೆಗೆ ಮತ್ತೆ ಬಡಗಿಯ ಅಂಗಡಿಗೆ ಬರೋಣ. ಅಪ್ಪಟ ತೇಗದ ಹಳೆಯ ಬೀರುವನ್ನು ತಂದಿಟ್ಟು, ಇದರ ಮೈ ಕೆರೆದು ಮೇಲೊಂದು ಹೊಳೆಯುವ ಹಾಳೆ ಅಂಟಿಸಿಕೊಡಿ ಎಂದು ಕೇಳಿದರೆ ಒಳ್ಳೆಯ ಬಡಗಿ ಒಮ್ಮೆ ನಮ್ಮ ಮುಖವನ್ನು ನೋಡುತ್ತಾನೆ. ಮರ ಬಿರುಕು ಬಿಟ್ಟಿದ್ದರೆ, ಗೆದ್ದಲು ತಿಂದಿದ್ದರೆ ಮಾತು ಬೇರೆ. ಹಾಗಿಲ್ಲದಿದ್ದರೆ ಧೂಳು ಒರೆಸಿ, ತುಸು ಎಣ್ಣೆ ಹಚ್ಚಿ ಮನೆಗೆ ಕಳಿಸುತ್ತಾನೆ.